ಸಿಂಗಾಪುರದಿಂದ ಉಡಿಯಲ್ಲಿ ತಂದ ಬೀಜ

ಸಿಕ್ಕಿದವು.

ಮೊದಲು ಅದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ನನ್ನ ಮಗ ನಾಗರಾಜನ ಪೆಟ್ಟಿಗೆಗೆ ಬೇಕಾದ ಐಸಿಗಳು ಸಿಕ್ಕಿದವು. ಈ ವರ್ಷಕ್ಕೆ ಮಾತ್ರವಲ್ಲ, ಮುಂದೆಯೂ ಮಾಡಿಕೊಡುತ್ತೇವೆ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ. ಆ ಕಾಗದವನ್ನು ಸಿಂಗಾಪುರಕ್ಕೆ ಹೋಗಿ ತಂದವಳು ನನ್ನ ಮೊಮ್ಮಗಳು ಪೂರ್ಣಿಮಾ. ಅವಳ ಜೊತೆ ಹೋಗಿ ಬಂದವಳು ನಾನು, ಕೊಟ್ಟೂರಿನ ಕೊಟ್ರಮ್ಮ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು.

ಬಂದು ಎರಡು ದಿನವಾಯಿತು. ಓಣಿಯವರು ಒಬ್ಬರಾದ ಮೇಲೆ ಒಬ್ಬರು ಬಂದು ಕೇಳುತ್ತಿದ್ದಾರೆ. ಹೇಳಿ ಹೇಳಿ ಗಂಟಲು ಕಟ್ಟಿದೆ, ಆದರೆ ಹೇಳುವ ಆಸೆ ತೀರಿಲ್ಲ. "ಬರೆದಿಡು ಅಜ್ಜಿ, ಬಂದೋರು ಓದ್ಕೊಂತಾರ" ಎಂದು ಪೂರ್ಣಿ ಒಂದು ನೋಟುಬುಕ್ಕು ಕೊಟ್ಟಿದ್ದಾಳೆ. ಅದರಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು

ನಾಗರಾಜ ಕೊಟ್ಟೂರಿನಲ್ಲಿ ಪಂಪ್‌ಸೆಟ್ಟಿಗೆ ಹಾಕುವ ಪೆಟ್ಟಿಗೆ ಮಾಡುತ್ತಾನೆ. ಹೊಲದ ಮೋಟರಿಗೆ ಮೂರು ತಂತಿಯಲ್ಲಿ ಕರೆಂಟು ಬರಬೇಕು. ಒಂದರಲ್ಲಿ ಬರದಿದ್ದರೆ ಮೋಟರು ಗುಂಯ್‌ಗುಡುತ್ತ ನಿಂತಲ್ಲೇ ಸುಡುತ್ತದೆ. ಅದನ್ನು ಕಾಯುವುದು ಈ ಪೆಟ್ಟಿಗೆಯ ಕೆಲಸ. ಮೂರೂ ಸರಿ ಇದ್ದರೆ ಚಾಲು ಮಾಡುತ್ತದೆ, ಒಂದು ತಪ್ಪಿದರೆ ನಿಲ್ಲಿಸುತ್ತದೆ. ಅದರೊಳಗೆ ಹದಿನಾರು ಕಾಲಿನ ಒಂದು ಕಪ್ಪು ತುಣುಕು ಇರುತ್ತದೆ. ಅದಕ್ಕೆ ಐಸಿ ಅನ್ನುತ್ತಾರೆ. ನನ್ನ ಕಣ್ಣಿಗೆ ಅದು ಸತ್ತ ಹುಳದ ಹಾಗೆ. ಆದರೆ ಪೆಟ್ಟಿಗೆಯ ಜೀವವೆಲ್ಲ ಅದರಲ್ಲೇ.

ಉಜ್ಜಿನಿ ಕಡೆ, ಕೋಗಳಿ ಕಡೆ, ಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಹೊಳೆದಂಡೆಯ ಗದ್ದೆಗಳಿಗೆ, ಎಲ್ಲೆಲ್ಲೂ ನಮ್ಮ ಪೆಟ್ಟಿಗೆಗಳಿವೆ. ಕೊಡುವಾಗ ನಾಗರಾಜ ಒಂದೇ ಮಾತು ಹೇಳುತ್ತಿದ್ದ: "ನಿಮ್ಮ ಮೋಟರ್ ಇರೋತನ ಪೆಟ್ಟಿಗಿ ಇರತೈತಿ. ಕೆಟ್ರ ನಾ ಅದೀನಿ." ಜನ ಪೆಟ್ಟಿಗೆ ನೋಡಿ ಕೊಳ್ಳುತ್ತಿರಲಿಲ್ಲ, ಆ ಮಾತು ಕೇಳಿ ಕೊಳ್ಳುತ್ತಿದ್ದರು.

ಮೂರು ವರ್ಷದ ಹಿಂದೆ ಬೆಂಗಳೂರಿನ ಅಂಗಡಿಯವರು, ಆ ಐಸಿ ಮಾಡುವ ಪರದೇಶದ ಕಂಪನಿ ಅದನ್ನು ಬಂದ್ ಮಾಡಿದೆ ಎಂದು ಹೇಳಿದರು. ಮೊದಲೇ ಕಾಗದ ಬಂದಿತ್ತಂತೆ. ಅವರ ಅಂಗಡಿಯ ಗೋಡೆಗೆ ಅಂಟಿಸಿದ್ದರಂತೆ. ಆ ಗೋಡೆ ಕೊಟ್ಟೂರಿಗೆ ಕಾಣುವುದು ಹೇಗೆ? ನಾಗರಾಜ ಅವರಲ್ಲಿ ಉಳಿದಿದ್ದನ್ನೆಲ್ಲ ಕಟ್ಟಿಸಿಕೊಂಡು ಬಂದ. ಪ್ಲಾಸ್ಟಿಕ್ಕಿನ ಉದ್ದ ಕೊಳವೆಗಳಲ್ಲಿ ಸಾಲಾಗಿ ತುಂಬಿದ್ದರು. ತಂದು ನನ್ನ ಕೈಗೆ ಕೊಟ್ಟ.

"ಯವ್ವಾ, ಇವು ಕಡೀವು. ಇನ್ನ ಹುಟ್ಟಂಗಿಲ್ಲ. ಹತ್ತು ವರ್ಷ ಬರಬೇಕು. ಜ್ವಾಪಾನಾಗಿ ಇಡು."

ಹತ್ತು ವರ್ಷ ಬರಬೇಕಾದದ್ದನ್ನು ಜೋಪಾನ ಮಾಡುವ ರೀತಿ ನನಗೆ ಗೊತ್ತಿರುವುದು ಒಂದೇ. ಬೀಜದ ಜೋಳ ಇಡುವ ರೀತಿ. ನಮ್ಮ ಅತ್ತೆ ಕಲಿಸಿದ್ದು, ಅವರಿಗೆ ಅವರ ಅತ್ತೆ. ಹೊಸ ಮಡಕೆ ತಂದೆ. ಒಲೆಯ ಬೂದಿ ಜರಡಿ ಹಿಡಿದೆ. ಬೇವಿನ ಎಲೆ ನೆರಳಿನಲ್ಲಿ ಒಣಗಿಸಿದೆ. ಕೊಳವೆಯಲ್ಲಿದ್ದರೆ ಗಾಳಿ ಆಡುವುದಿಲ್ಲ ಎಂದು ಐಸಿಗಳನ್ನೆಲ್ಲ ಸುರಿದು, ಬೂದಿ ಬೆರೆಸಿ, ಎಲೆ ಹಾಸಿ, ಬಾಯಿಗೆ ಸಗಣಿ ಮೆತ್ತಿ ಅಟ್ಟದ ಮೇಲಿಟ್ಟೆ. ಹುಳ ಬೀಳದಿರಲಿ ಎಂದು ಕೈ ಮುಗಿದೆ.

ಅಂಗಡಿಯಲ್ಲಿದ್ದ ಹಳೆಯವು ಮುಗಿಯಲು ಎರಡು ಮಳೆಗಾಲ ಕಳೆದವು. ಆಮೇಲೆ ನಾಗರಾಜ ಮಡಕೆ ಕೇಳಿದ. ಬಾಯಿ ಬಿಚ್ಚಿದರೆ ಬೂದಿಯೆಲ್ಲ ತೇವ ಹಿಡಿದು ಹೆಂಟೆಯಾಗಿತ್ತು. ಐಸಿಗಳ ಕಾಲು ಕಪ್ಪಗಾಗಿ ಮೇಲೆ ಬಿಳಿ ಬೂಷ್ಟು ಕೂತಿತ್ತು. ನಾಗರಾಜ ಒಂದನ್ನು ಹಿಡಿದು ಬೆಳಕಿಗೆ ತಿರುಗಿಸಿದ. ಕೆಲವನ್ನು ಉಜ್ಜಿ, ತೊಳೆದು, ಒಣಗಿಸಿ ಹಾಕಿ ನೋಡಿದ. ಬೆಸುಗೆ ಹಿಡಿದ ಹಾಗೆ ಕಂಡಿತು. ಅಂಥ ಒಂದು ಐಸಿ ಮಾಗಳದ ಹಾಲಪ್ಪನ ಪೆಟ್ಟಿಗೆಗೆ ಹೋಯಿತು. ತಿಂಗಳು ತುಂಬುವುದರೊಳಗೆ ಹಾಲಪ್ಪನ ಮೋಟರು ಸುಟ್ಟಿತು.

ಆ ದಿನ ನಾನೂ ಮಗನ ಜೊತೆ ಮಾಗಳಕ್ಕೆ ಹೋಗಿದ್ದೆ. ಹಾಲಪ್ಪ ಕೂಗಾಡಲಿಲ್ಲ. ಒಣಗುತ್ತಿದ್ದ ಬೇಸಿಗೆ ಭತ್ತದ ಬದುವಿನ ಮೇಲೆ ಕೂತು ಹೇಳಿದ: "ಮೋಟರ್ ಇರೋತನ ನಾ ಅದೀನಿ ಅಂದಿದ್ದಿ ನಾಗಣ್ಣ. ಮೋಟರ್ ಹೋತು. ಈಗ ನೀ ಎಲ್ಲದಿ ಹೇಳು."

ನಮ್ಮ ಅಂಗಡಿಯ ಪಕ್ಕದಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕಟ್ಟುವ ದಾದಾಪೀರ್ ಇದ್ದಾನೆ. ಅವನು ಬೇರೆ ಕೆಲಸ ಬದಿಗಿಟ್ಟು ಹಾಲಪ್ಪನ ಮೋಟರು ಕಟ್ಟಿಕೊಟ್ಟ, ಪೈರು ಉಳಿಯಿತು. ಆದರೆ ಇನ್ನು ಯಾವ ಪೆಟ್ಟಿಗೆ ಕೆಟ್ಟರೂ ಹಾಕಲು ಐಸಿ ಇಲ್ಲ. ಮಗನ ಮಾತು ಊರೂರಿನಲ್ಲಿದೆ, ಮಾತು ಉಳಿಸುವ ವಸ್ತು ನನ್ನ ಬೂದಿಯಲ್ಲಿ ಹೋಯಿತು. ಅವನು ನನಗೆ ಒಂದು ಮಾತೂ ಬೈಯಲಿಲ್ಲ. ಮನೆಗೆ ಬಂದು ನಮ್ಮ ಜೊತೆ ಕೂತು ಉಣ್ಣುವುದನ್ನು ಬಿಟ್ಟ, ಅಷ್ಟೇ. ಬುತ್ತಿ ಅಂಗಡಿಗೆ ತರಿಸಿಕೊಳ್ಳುತ್ತಿದ್ದ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಪೂರ್ಣಿ ಹೊಸಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಪ್ಪನ ಅಂಗಡಿಯಲ್ಲೇ ಕೂತಿದ್ದಳು. ಹೊಸಪೇಟೆಯ ಇಂಟರ್ನೆಟ್ ಅಂಗಡಿಗೆ ಹೋಗಿ ದೇಶದೇಶಕ್ಕೆ ಪತ್ರ ಬರೆದಳು. ಒಬ್ಬರು ಅಂಚೆಯಲ್ಲಿ ಕಳಿಸಿದರು, ಎಲ್ಲ ಖೋಟಾ. ಕೊನೆಗೆ ಸಿಂಗಾಪುರದ ಒಂದು ಅಂಗಡಿಯವರು "ಬಂದು ನೋಡಿ, ಪರೀಕ್ಷೆ ಮಾಡಿ ತಗೊಳ್ಳಿ" ಎಂದು ಬರೆದರು. ನಾಗರಾಜ ಬಿಟ್ಟು ಹೋಗುವಂತಿಲ್ಲ, ದಿನಾ ಒಬ್ಬರ ಹೊಲದಲ್ಲಿ ನಿಲ್ಲಬೇಕು. ಸೊಸೆ ಗಂಗಮ್ಮ, "ಹುಡುಗಿ ಒಬ್ಬಾಕೀನ ಕಳ್ಸಂಗಿಲ್ಲ" ಎಂದು ಪಟ್ಟು ಹಿಡಿದಳು.

"ಕೂಡ ನಾ ಹೋಗ್ತೀನಿ" ಅಂದೆ.

ನಮ್ಮ ಯಜಮಾನರು ತಂಬಾಕು ತಿಕ್ಕುತ್ತಿದ್ದವರು ಕೈ ನಿಲ್ಲಿಸಿದರು. "ಹರಪನಹಳ್ಳಿ ಬಸ್ ಹತ್ತಿ ಹಗರಿಬೊಮ್ಮನಹಳ್ಳಿಗೆ ಇಳಿದಾಕಿ ನೀನು. ಸಿಂಗಾಪುರಕ್ಕ ಹೋಗ್ತೀಯೇನಲೇ?"

"ಕೆಡಿಸಿದಾಕಿ ನಾನು. ತರಾಕೂ ನಾನ ಹೋಗ್ಬೇಕು" ಅಂದೆ. ಅವರು ಮತ್ತೆ ತಂಬಾಕು ತಿಕ್ಕತೊಡಗಿದರು.

ಕೂಡ್ಲಿಗಿ ಬಸ್ ನಿಲ್ದಾಣ

ದಾದಾಪೀರ್ ನಮ್ಮನ್ನು ಬೆಂಗಳೂರು ಬಸ್ಸು ಹತ್ತಿಸಲು ಕೂಡ್ಲಿಗಿಯವರೆಗೆ ಬಂದ. ಬಸ್ಸು ಇನ್ನೂ ನಿಲ್ಲುವ ಮೊದಲೇ ಓಡಿ ಹೋಗಿ ಕಿಟಕಿಯಿಂದ ತನ್ನ ಟವೆಲ್ಲು ಒಗೆದು ಸೀಟು ಹಿಡಿದ. ಒಳಗೆ ಹತ್ತಿದರೆ ನಮ್ಮ ಸೀಟಿನ ಮೇಲೆ ಒಬ್ಬ ದಪ್ಪನೆಯ ಮನುಷ್ಯ ಟವೆಲ್ಲು ಬದಿಗೆ ಸರಿಸಿ ಕೂತಿದ್ದ.

"ಅಣ್ಣಾರ, ಟಾವೆಲ್ ಕಾಣ್ಲಿಲ್ಲೇನ್ರಿ?" ದಾದಾಪೀರ್ ಕೇಳಿದ.

"ಟಾವೆಲ್ಲಿಗೆ ಟಿಕೀಟ್ ತಗಸೀಯೇನು?"

"ನಮ್ಮವ್ವಾರು ಸಿಂಗಾಪುರಕ್ಕ ಹೊಂಟಾರ್ರಿ. ವಿಮಾನ ಹಿಡೀಬೇಕು. ಏಳ್ರಿ."

ಆ ಮನುಷ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇಳಕಲ್ ಸೀರೆ, ಕೈಯಲ್ಲಿ ರೊಟ್ಟಿಯ ಗಂಟು. ಎದ್ದ. "ಹೋಗಿ ಬರ್ರಿ ಯವ್ವಾ, ಅಲ್ಲಿ ಟಾವೆಲ್ ಒಗ್ಯಾಕ ಯಾರದಾರ?" ಅಂದ. ಇಡೀ ಬಸ್ಸು ನಕ್ಕಿತು. ಅಲ್ಲಿಯೂ ಒಗೆಯುತ್ತಾರೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ನಾಗರಾಜ ಹೊರಡುವಾಗ ನನ್ನ ಕೈಗೆ ಒಂದು ಸ್ಟೀಲ್ ಡಬ್ಬಿ ಕೊಟ್ಟಿದ್ದ. ಕೆಟ್ಟುಹೋದ ಐಸಿಗಳಲ್ಲಿ ಒಂದು ಹಿಡಿ, ಇದ್ದ ಹಾಗೇ ಬೂದಿ ಸಮೇತ. "ಯಾವುದು ಬೇಕಂತ ತೋರ್ಸಾಕ" ಅಂದಿದ್ದ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಬೆಂಗಳೂರು ವಿಮಾನ ನಿಲ್ದಾಣ

ಡಬ್ಬಿ ನಮ್ಮನ್ನು ಅಲ್ಲೇ ಹಿಡಿಸಿತು. ಕಾವಲಿನ ಪೊಲೀಸಿನವರು ಮುಚ್ಚಳ ತೆಗೆದರು. ಬೂದಿ, ಬೇವಿನ ಎಲೆಯ ಪುಡಿ, ನಡುವೆ ಕಾಲು ಮೇಲೆ ಮಾಡಿ ಬಿದ್ದ ಕಪ್ಪು ತುಣುಕುಗಳು.

"ಏನಮ್ಮಾ ಇದು?"

"ಕೆಟ್ಟ ಬೀಜಾರಿ" ಅಂದೆ.

ಅವರು ಮೇಲಿನವರನ್ನು ಕರೆದರು. ಪೂರ್ಣಿ ಮೊದಲಿಂದ ಕೊನೆಯವರೆಗೆ ಹೇಳಿದಳು. ದೊಡ್ಡ ಅಧಿಕಾರಿ ಡಬ್ಬಿ ಮೂಸಿ ನೋಡಿದರು. "ನಮ್ಮ ತಾಯಿನೂ ಹಿಂಗೇ ಬೂದಿಲಿ ಕಡಲೆ ಇಡ್ತಿದ್ರು" ಅಂದರು. ಆಮೇಲೆ ಬೂದಿಯನ್ನು ಕೊಡವಿಸಿ, ಐಸಿಗಳನ್ನು ಒಂದು ಕಾಗದದಲ್ಲಿ ಕಟ್ಟಿಸಿ ಕೊಟ್ಟು ಬಿಟ್ಟರು. ದೇವರು ಅವರ ತಾಯಿಯನ್ನು ಚೆನ್ನಾಗಿಟ್ಟಿರಲಿ.

ವಿಮಾನದ ಬಗ್ಗೆ ಹೆಚ್ಚು ಹೇಳಲಾರೆ. ಏರುವಾಗ ಪೂರ್ಣಿಯ ಕೈ ಹಿಡಿದು ಕಣ್ಣು ಮುಚ್ಚಿದೆ, ಇಳಿದ ಮೇಲೆ ತೆರೆದೆ. ನಡುವೆ ಒಂದು ಸಲ ಕಣ್ಣು ತೆರೆದಾಗ ಕೆಳಗೆ ಮೋಡ ಹರಡಿತ್ತು. ಅರಳೆ ಹಿಂಜಿ ಹಾಸಿದ ಹಾಗೆ. ಇಷ್ಟು ಮೋಡ ನಮ್ಮ ಊರಿನ ಮೇಲೆ ಯಾಕೆ ಬರುವುದಿಲ್ಲ ಎಂದು ಕೇಳಿದೆ. "ಅದನ್ನ ಪೈಲಟ್‌ನ ಕೇಳು" ಅಂದಳು ಪೂರ್ಣಿ.

ಸಿಂಗಾಪುರ, ಮೊದಲ ದಿನ

ನಾವು ಇಳಿದುಕೊಂಡದ್ದು ತಮಿಳರ ಬೀದಿಯಲ್ಲಿ. ಬಾಗಿಲು ದಾಟಿದ ಕೂಡಲೇ ಮಲ್ಲಿಗೆ ದಂಡೆ ಮಾರುವವರು. ವಾಸನೆಗೆ ಹಡಗಲಿ ಸಂತೆಯಲ್ಲಿ ನಿಂತ ಹಾಗಾಯಿತು. ಕೊಂಡು ಮುಡಿದೆ. ನಮ್ಮ ಹಡಗಲಿ ಮೊಗ್ಗು ಮುಡಿದ ಮೇಲೆ ಅರಳುತ್ತದೆ, ಅಲ್ಲಿಯದು ಆಗಲೇ ಅರಳಿತ್ತು. ಹೂವಿನಾಕೆಗೆ ಅದನ್ನು ಹೇಳಿದೆ. ಅವಳಿಗೆ ನನ್ನ ಮಾತು ತಿಳಿಯಲಿಲ್ಲ, ಆದರೂ ಒಂದು ಮೊಳ ಹೆಚ್ಚು ಕೊಟ್ಟಳು.

ಪತ್ರ ಬರೆದವರ ಅಂಗಡಿ ಒಂದು ದೊಡ್ಡ ಕಟ್ಟಡದಲ್ಲಿತ್ತು. ಮಹಡಿಯ ಮೇಲೆ ಮಹಡಿ, ಎಲ್ಲ ಇಂಥವೇ ಸಾಮಾನಿನ ಅಂಗಡಿಗಳು. ಒಂದೊಂದೂ ನಮ್ಮ ಪಾನ್ ಅಂಗಡಿಯಷ್ಟು. ಮೇಲೆ ಹೋಗಲು ಮೆಟ್ಟಿಲೇ ನಡೆಯುತ್ತಿತ್ತು. ನಾನು ಕಾಲಿಡಲು ಹೆದರಿ ನಿಂತುಬಿಟ್ಟೆ. ಹಿಂದೆ ಜನ ಸಾಲುಗಟ್ಟಿದರು, ಯಾರೂ ಗೊಣಗಲಿಲ್ಲ. ಕೊನೆಗೆ ಗುರುತಿಲ್ಲದ ಒಬ್ಬ ಚೀನಾ ಹುಡುಗಿ ಬಂದು, ತನ್ನ ಮನೆಯ ಮುದುಕಿಯೇನೋ ಎಂಬಂತೆ, ಒಂದು ಕೈಯಲ್ಲಿ ನನ್ನ ಮೊಣಕೈ, ಇನ್ನೊಂದರಲ್ಲಿ ಸೀರೆಯ ನೆರಿಗೆ ಹಿಡಿದು ಮೇಲೆ ಮುಟ್ಟಿಸಿದಳು. ತಿರುಗಿ ನೋಡುವುದರೊಳಗೆ ಹೋಗಿಬಿಟ್ಟಿದ್ದಳು.

ಅಂಗಡಿಯವನು ನಗುನಗುತ್ತ ಕೊಳವೆಗಳನ್ನು ಹರವಿದ. ಎಲ್ಲದರ ಬೆನ್ನ ಮೇಲೂ ನಮಗೆ ಬೇಕಾದದ್ದೇ ನಂಬರು, ಅಚ್ಚುಕಟ್ಟಾಗಿ, ಬೆಳ್ಳಗೆ. ನನಗೆ ಖುಷಿಯಾಗಿ ಕೈ ಮುಗಿದುಬಿಟ್ಟೆ. ಪೂರ್ಣಿ ಮಾತ್ರ ಸುಮ್ಮನೆ ಚೀಲದಿಂದ ಉಗುರುಬಣ್ಣ ಅಳಿಸುವ ಸೀಸೆ ತೆಗೆದು, ಅರಳೆ ಅದ್ದಿ, ಒಂದರ ಬೆನ್ನು ಉಜ್ಜಿದಳು. ನಂಬರು ಅರಳೆಗೆ ಬಂತು. ಕೆಳಗೆ ಬೇರೆ ಹೆಸರು ಗೀಚಿ ಅಳಿಸಿದ ಗುರುತು.

ನನಗೆ ದನದ ಸಂತೆ ನೆನಪಾಯಿತು. ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಹಚ್ಚಿ, ಹರೆಯದ ಎತ್ತು ಎಂದು ನಿಲ್ಲಿಸುತ್ತಾರಲ್ಲ, ಅದೇ. ಎಷ್ಟು ದೂರ ಬಂದರೂ ದಲ್ಲಾಳಿಯ ಕೈಚಳಕ ಒಂದೇ. ಅಂಗಡಿಯವನ ನಗು ಹೋಗಲಿಲ್ಲ. ಕೊಳವೆಗಳನ್ನು ಮತ್ತೆ ಒಳಗಿಟ್ಟು ಬೇರೆ ಗಿರಾಕಿಯ ಕಡೆ ತಿರುಗಿದ.

ಪೂರ್ಣಿ ಕಟ್ಟಡದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. "ಅಪ್ಪಗ ಏನ್ ಹೇಳ್ಲಿ ಅಜ್ಜಿ?"

"ಏನೂ ಹೇಳಬ್ಯಾಡ. ನಾಳೆ ಐತಿ. ಮೊದ್ಲು ಉಣ್ಣಾನು ನಡಿ."

ಅಲ್ಲಿ ಊಟದ ಅಂಗಡಿಗಳೆಲ್ಲ ಒಂದು ದೊಡ್ಡ ಚಪ್ಪರದ ಕೆಳಗೆ ಇರುತ್ತವೆ, ನಡುವೆ ಮೇಜುಗಳು. ಕಾಲಿಡಲು ಜಾಗವಿಲ್ಲದಷ್ಟು ಜನ. ಒಂದೇ ಒಂದು ಮೇಜು ಖಾಲಿ ಇತ್ತು, ಮೇಲೆ ಕೈ ಒರೆಸುವ ಕಾಗದದ ಸಣ್ಣ ಪೊಟ್ಟಣ. ಪಾಪ, ಯಾರೋ ಮರೆತಿದ್ದಾರೆ ಎಂದು ನಾನು ಅದನ್ನು ಎತ್ತಿಕೊಂಡು ಸುತ್ತಲಿನವರಿಗೆಲ್ಲ ತೋರಿಸುತ್ತ, "ನಿಮ್ದೇನ್ರಿ? ನಿಮ್ದೇನ್ರಿ?" ಎಂದು ಕೇಳಿಕೊಂಡು ಹೋದೆ. ಎಲ್ಲರೂ ಅಲ್ಲವೆಂದು ತಲೆಯಾಡಿಸಿದರು. ಬಂದು ಪೂರ್ಣಿಯನ್ನು ಕೂರಿಸಿ ರೊಟ್ಟಿ ಬಿಚ್ಚಿದೆ. ಆಗ ತಟ್ಟೆ ಹಿಡಿದು ಇಬ್ಬರು ಆಫೀಸಿನ ಹೆಣ್ಣುಮಕ್ಕಳು ಬಂದು ಮೇಜನ್ನೂ ನನ್ನ ಕೈಯಲ್ಲಿದ್ದ ಪೊಟ್ಟಣವನ್ನೂ ನೋಡಿ ನಿಂತರು. ಅಲ್ಲಿ ಜಾಗ ಹಿಡಿಯುವುದು ಹಾಗೆಯಂತೆ. ಅದು ಅವರ ಟವೆಲ್ಲು.

ಪೂರ್ಣಿ ನಾಚಿ ಎದ್ದಳು. ಅವರು ಬಿಡಲಿಲ್ಲ. ನಾಲ್ವರೂ ಒತ್ತಿ ಕೂತೆವು. ನಾನು ರೊಟ್ಟಿ ಮುರಿದು ಗುರೆಳ್ಳು ಪುಡಿ ಹಚ್ಚಿ ಕೊಟ್ಟೆ, ಅವರು ಹಣ್ಣು ಕೊಟ್ಟರು. ಪೂರ್ಣಿ ನಮ್ಮ ಕಥೆ ಹೇಳಿದಳು. ಅವರಲ್ಲಿ ಒಬ್ಬಳು ಅದೇ ಕಟ್ಟಡದಲ್ಲಿ ಕೆಲಸ ಮಾಡುವವಳು. ಕಾಗದದ ಪೊಟ್ಟಣದ ಮೇಲೇ ಒಂದು ಅಂಗಡಿಯ ನಂಬರು ಬರೆದಳು. "ಮೇಲಿನ ಮಹಡಿ, ಮೂಲೆ. ಒಬ್ಬ ಮುದುಕರು. ಹಳೇ ಸಾಮಾನು ಬಿಟ್ಟು ಬೇರೇನೂ ಇಡುವುದಿಲ್ಲ" ಅಂದಳಂತೆ. ನಾನು ಟವೆಲ್ಲು ಎತ್ತದಿದ್ದರೆ ಆ ಹುಡುಗಿ ನಮಗೆ ಸಿಗುತ್ತಿರಲಿಲ್ಲ.

ಎರಡನೇ ದಿನ, ಮೂಲೆಯ ಅಂಗಡಿ

ಮುದುಕರ ಹೆಸರು ನನ್ನ ಬಾಯಿಗೆ ಹೊರಳಲಿಲ್ಲ. ನನಗಿಂತ ಹತ್ತು ವರ್ಷ ಹಿರಿಯರು, ಅಣ್ಣಾರು ಅಂದೆ. ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದರ ಮೇಲೂ ಕೈಬರಹದ ಚೀಟಿ. ನಮ್ಮ ಕಾಗದ ಬಿಚ್ಚಿ ಕೆಟ್ಟ ಐಸಿಗಳನ್ನು ಮೇಜಿನ ಮೇಲೆ ಸುರಿದೆ. ಅವರು ಭೂತಗನ್ನಡಿ ಹಿಡಿದು ನೋಡಿದರು. ಇಂಗ್ಲಿಷಿನಲ್ಲಿ ಪೂರ್ಣಿಯನ್ನು ಏನೋ ಕೇಳಿದರು.

"ಸಮುದ್ರದಾಗ ಬಿದ್ದಿದ್ವಾ ಅಂತ ಕೇಳ್ತಾರ" ಅಂದಳು ಪೂರ್ಣಿ.

"ನಾ ಬೂದ್ಯಾಗ ಇಟ್ಟಿದ್ದೆ ಅಂತ ಹೇಳು."

ಅವಳು ಹಿಂದೆಮುಂದೆ ನೋಡಿದಳು. "ಹೇಳು, ನಾಚಿಗಿ ನಂದು" ಅಂದೆ. ಹೇಳಿದಳು. ಮುದುಕರು ನಗಲಿಲ್ಲ. ಎದ್ದು ಒಂದು ಬೆಳ್ಳಿ ಬಣ್ಣದ ಚೀಲ ತಂದು ಬಿಚ್ಚಿ ತೋರಿಸಿದರು. ಒಳಗೆ ಐಸಿಗಳ ಕೊಳವೆ, ಜೊತೆಗೆ ಹೆಬ್ಬೆರಳಿನಷ್ಟು ಒಂದು ಕಾಗದದ ಪೊಟ್ಟಣ, ಅಲ್ಲಾಡಿಸಿದರೆ ಸಣ್ಣ ಹರಳಿನ ಸದ್ದು. ಅದು ತೇವ ಹೀರಿಕೊಳ್ಳುತ್ತದಂತೆ. ನನ್ನ ಬೂದಿಯೂ ತೇವ ಹೀರಿತ್ತು, ಆದರೆ ಹೀರಿದ್ದನ್ನು ಐಸಿಯ ಕಾಲಿಗೆ ಉಣಿಸಿತ್ತು. ಜೋಳಕ್ಕೆ ಒಳ್ಳೆಯದಾದದ್ದು ಆ ಕಾಲಿಗೆ ಬಳಿದ ತವರಕ್ಕೆ ವಿಷ.

ನಮಗೆ ಬೇಕಾದ ಐಸಿ ಅವರಲ್ಲಿ ಇತ್ತು. ಎಲ್ಲಕ್ಕಿಂತ ಮೇಲಿನ ಡ್ರಾಯರಿನಲ್ಲಿ, ಕೆಲವು ಕೊಳವೆ. ಪೂರ್ಣಿಯ ಮುಖ ಅರಳಿತು. ಮುದುಕರು ಕೈ ಅಡ್ಡ ಹಿಡಿದರು. ಹಡಗಿನ ಕ್ರೇನು ನಡೆಸುವ ಹಳೆಯ ಗಿರಾಕಿಗಳಿದ್ದಾರೆ, ಅವರದು ಕೆಟ್ಟಾಗ ಕೊಡಲು ಇಟ್ಟದ್ದು, ಮಾರಾಟಕ್ಕಲ್ಲ ಎಂದರು. ಪೂರ್ಣಿ ಹೆಚ್ಚು ಬೆಲೆ ಹೇಳಿದಳು. ಮುದುಕರು ಮುಖ ತಿರುಗಿಸಿ ಡ್ರಾಯರು ಮುಚ್ಚಿದರು.

"ಬೆಲಿ ಹೇಳಬ್ಯಾಡ. ಅದು ಬೀಜದ ಮಡಿಕಿ. ಬೆಲಿ ಹೇಳಿದ್ರ ಯಾರೂ ಕೊಡಂಗಿಲ್ಲ" ಅಂದೆ.

ನಮ್ಮ ಕಡೆಯ ಪದ್ಧತಿ ಗೊತ್ತಿದ್ದವರಿಗೆ ಗೊತ್ತು. ಬಿತ್ತನೆಗೆ ಬೀಜ ಇಲ್ಲದಾದಾಗ ನೆರೆಯವರ ಮನೆಗೆ ಚೀಲ ಹಿಡಿದು ಹೋಗುವುದಿಲ್ಲ. ಮನೆಯ ಹೆಣ್ಣುಮಗಳು ಹೋಗಿ ಉಡಿ ಒಡ್ಡಬೇಕು. ಉಡಿ ಒಡ್ಡಿದವಳಿಗೆ ಇಲ್ಲ ಅನ್ನಬಾರದು. ಪಡೆದವಳು ಸುಗ್ಗಿಯಾದ ಮೇಲೆ ಒಂದಕ್ಕೆ ಒಂದೂವರೆ ತಿರುಗಿ ಅಳೆಯಬೇಕು. ಇನ್ನೊಂದು ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ನಾನು ಎದ್ದು ಸೆರಗು ಬಿಡಿಸಿ ಎರಡೂ ಕೈಯಲ್ಲಿ ಒಡ್ಡಿದೆ.

"ಅಜ್ಜಿ, ಇಲ್ಲಿ ಹಂಗ ಮಾಡಬ್ಯಾಡ. ಭಿಕ್ಷಾ ಅಂದ್ಕೊಂತಾರ" ಪೂರ್ಣಿ ನನ್ನ ಕೈ ಜಗ್ಗಿದಳು.

"ಭಿಕ್ಷಾ ಅಲ್ಲ ಅಂತ ಬಿಡಿಸಿ ಹೇಳು. ಬೀಜ ಕೇಳಾಕತ್ತೀನಿ. ಒಂದಕ್ಕ ಒಂದೂವರಿ ತಿರಗಿ ಕೊಡ್ತೀನಿ ಅಂತ ಹೇಳು."

ಅವಳು ತಡವರಿಸುತ್ತ ಹೇಳಿದಳು. ಮುದುಕರು ನನ್ನ ಸೆರಗು ನೋಡಿದರು. ತಮ್ಮ ತಾಯಿಯ ಊರಿನಲ್ಲಿಯೂ ಬೀಜದ ಭತ್ತವನ್ನು ಹಸಿದರೂ ಉಣ್ಣುತ್ತಿರಲಿಲ್ಲ ಎಂದರಂತೆ. ಸ್ಟೂಲು ಹತ್ತಿ, ಡ್ರಾಯರು ಎಳೆದು, ಇದ್ದ ಕೊಳವೆಗಳನ್ನೆಲ್ಲ ತಂದು ನನ್ನ ಉಡಿಗೆ ಹಾಕಿದರು.

ನಾನು ಒಂದು ಕೊಳವೆ ತೆಗೆದು ಅವರ ಮೇಜಿನ ಮೇಲೆ ಇಟ್ಟೆ. ಅವರು ತಿರುಗಿ ಕೊಡಲು ಬಂದರು. ನಾನು ಆ ಡ್ರಾಯರು ತೋರಿಸಿದೆ. ಆಮೇಲೆ ಹೇಳುತ್ತೇನೆ ಅಂದದ್ದು ಇದೇ. ಕೊಟ್ಟವರ ಮಡಕೆ ಬರಿದಾಗಬಾರದು, ಕೊನೆಯ ಹಿಡಿಯನ್ನು ಪಡೆದವಳೇ ತಿರುಗಿ ಹಾಕಬೇಕು. ಇಲ್ಲದಿದ್ದರೆ ಬೀಜ ಹುಟ್ಟುವುದಿಲ್ಲ.

ಪೂರ್ಣಿ ಅದನ್ನು ಹೇಳಿದ ಮೇಲೆ ಮುದುಕರು ಆ ಕೊಳವೆಯನ್ನು ಮತ್ತೆ ಡ್ರಾಯರಿಗೆ ಹಾಕಿದರು. ಆಮೇಲೆ ಅವರೇ ಒಂದು ಸಣ್ಣ ಯಂತ್ರ ತಂದರು. ಪೂರ್ಣಿ ಒಂದೊಂದೇ ಐಸಿ ಚುಚ್ಚುತ್ತ ಹೋದಳು. ಪ್ರತಿ ಸಲ ಹಸಿರು ದೀಪ ಹತ್ತಿತು. ನಾನು ಪ್ರತಿ ಸಲ ಉಜ್ಜಿನಿಯ ಮರುಳಸಿದ್ಧ ದೇವರನ್ನು ನೆನೆದೆ. ಬೆಲೆ ಕೊಟ್ಟೇ ತಂದೆವು, ಪುಕ್ಕಟೆಯಲ್ಲ. ಆದರೆ ಬೆಲೆಗೆ ಸಿಗದ ಒಂದು ವಸ್ತುವನ್ನು ಅವರು ಹೊರಡುವಾಗ ಕೊಟ್ಟರು. ಊರಾಚೆಯ ಒಂದು ಫ್ಯಾಕ್ಟರಿಯ ವಿಳಾಸ. ಇಷ್ಟು ವರ್ಷ ಯಾವ ಗಿರಾಕಿಗೂ ಹೇಳಿರಲಿಲ್ಲವಂತೆ.

ನಾನು ಉಳಿದ ರೊಟ್ಟಿಯನ್ನೆಲ್ಲ ಅವರಿಗೆ ಕೊಟ್ಟೆ. ಕಡಿದರು. ಕಟಕ್ ಎಂದು ಸದ್ದಾಯಿತು. ಹಲ್ಲು ಮುಟ್ಟಿ ನೋಡಿಕೊಂಡು ಇನ್ನೊಂದು ತುಂಡು ಮುರಿದರು.

ಮೂರನೇ ದಿನ, ಫ್ಯಾಕ್ಟರಿ

ದೊಡ್ಡ ಕಂಪನಿಗಳು ಒಂದು ಐಸಿ ಮಾಡುವುದನ್ನು ಬಿಟ್ಟಾಗ ಅದರ ಹಕ್ಕು, ಇನ್ನೂ ಕಾಲು ಕೂರಿಸದೆ ಉಳಿದ ಮಾಲು ಎಲ್ಲವನ್ನೂ ಕೊಂಡು ಇಟ್ಟುಕೊಂಡು, ಬೇಕೆಂದವರಿಗೆ ಕಾಲು ಕೂರಿಸಿ ಮಾಡಿಕೊಡುವವರು ಈ ಫ್ಯಾಕ್ಟರಿಯವರು. ಇಂಥ ಕೆಲಸವೂ ಒಂದಿದೆ ಎಂದು ನನಗೆ ಗೊತ್ತಿರಲಿಲ್ಲ. ಬಿಟ್ಟುಹೋದದ್ದನ್ನು ಸಾಕುವ ಕೆಲಸ. ವಿಮಾನ, ಆಸ್ಪತ್ರೆ, ರೈಲು, ಎಲ್ಲದರಲ್ಲೂ ಹಳೆಯ ಯಂತ್ರಗಳಿವೆಯಂತೆ. ಯಂತ್ರ ಮೂವತ್ತು ವರ್ಷ ಬಾಳುತ್ತದೆ, ಐಸಿ ಐದು ವರ್ಷಕ್ಕೆ ಬಂದ್ ಆಗುತ್ತದೆ. ಮನೆ ಗಟ್ಟಿ ಇರುವಾಗಲೇ ತೊಲೆ ಮುರಿದ ಹಾಗೆ ಎಂದು ನಾನು ಅಂದುಕೊಂಡೆ.

ಬಿಳಿ ಕೋಟಿನ ಒಬ್ಬ ಹೆಣ್ಣುಮಗಳು ಬಂದಳು. ಅಣ್ಣಾರು ಫೋನು ಮಾಡಿ ಹೇಳಿದ್ದರಂತೆ. ತಲೆಗೆ ಟೊಪ್ಪಿಗೆ, ಚಪ್ಪಲಿಗೆ ಚೀಲ ಹಾಕಿಸಿ ಒಂದು ಕೋಣೆ ತೋರಿಸಿದಳು. ಗಾಜಿನ ಬಾಗಿಲಿನ ಬೀರುಗಳು, ಒಳಗೆ ತಟ್ಟೆಗಳ ಸಾಲು. ಬೀರುವಿನಿಂದ ನಮ್ಮ ಗಾಳಿ ತೆಗೆದು ಬೇರೆ ಗಾಳಿ ತುಂಬಿರುತ್ತಾರೆ, ಅದರಲ್ಲಿ ದೀಪ ಹತ್ತಿಸಿದರೆ ಆರಿಹೋಗುತ್ತದೆ, ಆದರೆ ಇಟ್ಟ ವಸ್ತು ವರ್ಷಗಟ್ಟಲೆ ಕೆಡುವುದಿಲ್ಲ ಎಂದಳು.

"ಇದು ಹಗೇವು" ಅಂದೆ.

ಪೂರ್ಣಿ ತಿರುಗಿ ನೋಡಿದಳು. ಅವಳ ಕಾಲಕ್ಕೆ ಹಗೇವುಗಳು ಮುಚ್ಚಿ ಹೋಗಿದ್ದವು. ನಾನು ಹೇಳಿದೆ. ನಾನು ಸೊಸೆಯಾಗಿ ಬಂದಾಗ ನಮ್ಮ ಮನೆಯ ಮುಂದೆ ನೆಲದೊಳಗೆ ಜೋಳದ ಹಗೇವು ಇತ್ತು. ಬಾಯಿ ತೆಗೆದ ದಿನ ಯಾರೂ ಇಳಿಯುವಂತಿಲ್ಲ. ಮೊದಲು ಕಂದೀಲು ಇಳಿಸಬೇಕು. ಕಂದೀಲು ಆರಿದರೆ ಒಳಗೆ ಉಸಿರಿಲ್ಲ. ಉಸಿರಿಲ್ಲದ್ದಕ್ಕೇ ಜೋಳಕ್ಕೆ ಹುಳ ಬಿದ್ದಿಲ್ಲ. ಪೂರ್ಣಿ ಅದನ್ನೆಲ್ಲ ಹೇಳಿದಾಗ ಬಿಳಿ ಕೋಟಿನಾಕೆ ತನ್ನ ಜೊತೆಯವರನ್ನು ಕರೆದು ಮತ್ತೊಮ್ಮೆ ಹೇಳಿಸಿದಳು.

"ನೋಡು, ನಾ ಮಡಿಕಿ ಬಿಟ್ಟು ಹಗೇವಿನ್ಯಾಗ ಇಟ್ಟಿದ್ರ ಉಳೀತಿದ್ವೋ ಏನೋ" ಅಂದೆ.

"ಅಜ್ಜಿ, ಸಾಕು" ಅಂದಳು ಪೂರ್ಣಿ, ಆದರೆ ನಗುತ್ತಿದ್ದಳು.

ಅವರು ಸ್ವಲ್ಪವೇ ಬೇಕೆಂದವರಿಗೆ ಮಾಡುವುದಿಲ್ಲ. ನಾವು ಕೇಳುವುದು ಅವರಿಗೆ ಸಾಸಿವೆ. ಅದಕ್ಕೂ ದಾರಿ ಆಯಿತು. ಅಣ್ಣಾರು ಫೋನಿನಲ್ಲಿ ಒಪ್ಪಿಕೊಂಡರು, ತಮ್ಮ ಗಿರಾಕಿಗಳಿಗೆ ಬೇಕಾದದ್ದರ ಜೊತೆ ನಮ್ಮದನ್ನೂ ಸೇರಿಸಿ ಬರೆಯುತ್ತಾರೆ. ಆ ಮೊದಲ ಮಾಲಿನಲ್ಲೇ ನನ್ನ ಒಂದೂವರೆ ಅವರ ಡ್ರಾಯರಿಗೆ ಹೋಗುತ್ತದೆ. ಬಿಳಿ ಕೋಟಿನಾಕೆ ಕಾಗದ ಬರೆದಳು. ತಮ್ಮಲ್ಲಿ ಮಾಲು ಇರುವವರೆಗೆ ಮಾಡುತ್ತೇವೆ, ನಿಲ್ಲಿಸುವುದಾದರೆ ಒಂದು ವರ್ಷ ಮೊದಲೇ ತಿಳಿಸುತ್ತೇವೆ. ವಿಳಾಸ ಕೇಳಿದಳು. ಪೂರ್ಣಿ ಕೊಟ್ಟೂರಿನ ನಮ್ಮ ಮನೆಯ ವಿಳಾಸ ಬರೆಸಿದಳು. ಇನ್ನು ಕಾಗದ ಯಾರ ಗೋಡೆಗೂ ಹೋಗುವುದಿಲ್ಲ.

ಹೊರಗೆ ಬಂದಾಗ ಮಳೆ ಶುರುವಾಗಿತ್ತು. ಅಲ್ಲಿ ಮಳೆಗೆ ಮುಹೂರ್ತವಿಲ್ಲ, ಮಧ್ಯಾಹ್ನವಾದರೆ ಸಾಕು. ನಿಂತುಕೊಂಡು ಪೂರ್ಣಿ ಹೇಳಿದಳು, ಮುಂದಿನ ಪೆಟ್ಟಿಗೆಯ ಹಲಗೆಯಲ್ಲಿ ಬೇರೆ ಕಂಪನಿಯ ಇನ್ನೊಂದು ಬಗೆಯ ಐಸಿಗೂ ಜಾಗ ಬಿಡುತ್ತಾಳಂತೆ. ಒಂದು ನಿಂತರೆ ಇನ್ನೊಂದು. "ಒಂದ ಬಾವಿ ನೆಚ್ಚಿ ಊರು ಕಟ್ಟಬಾರ್ದು ಅಜ್ಜಿ" ಅಂದಳು. ಈ ಹುಡುಗಿಗೆ ಜಡೆ ಹಾಕಿದವಳು ನಾನು. ನನಗೆ ಕಣ್ಣು ತುಂಬಿ ಬಂತು. ಮಳೆ ಬರುತ್ತಿದ್ದದ್ದು ಒಳ್ಳೆಯದಾಯಿತು.

ಕೊಟ್ಟೂರು

ನಾವು ಬಂದಾಗ ಇಳಿಹೊತ್ತು. ನಾಗರಾಜ ಅಂಗಡಿಯಲ್ಲಿದ್ದ. ಪೂರ್ಣಿ ಅಣ್ಣಾರು ಕಟ್ಟಿಕೊಟ್ಟ ಬೆಳ್ಳಿ ಚೀಲಗಳನ್ನು ಕೆಲಸದ ಮೇಜಿನ ಮೇಲಿಟ್ಟು, ಮೇಲೆ ಕಾಗದ ಇಟ್ಟಳು. ಅವನು ಕಾಗದ ಎರಡು ಸಲ ಓದಿದ. ಒಂದು ಐಸಿ ತೆಗೆದು, ಅಂಗಡಿಗೆ ತಂದಿಟ್ಟಿದ್ದ ಹಾಲಪ್ಪನ ಪೆಟ್ಟಿಗೆಗೆ ಬೆಸೆದ. ಮೂರು ತಂತಿ ಕೊಟ್ಟ, ಚಾಲಾಯಿತು. ಒಂದನ್ನು ಕಿತ್ತ. ಟಕ್ ಎಂದು ನಿಂತಿತು. ಮತ್ತೆ ಕೊಟ್ಟ, ಮತ್ತೆ ಕಿತ್ತ. ಎಷ್ಟು ಸಲ ಮಾಡಿದನೋ.

ಪಕ್ಕದಿಂದ ದಾದಾಪೀರ್ ಬಂದು ನಿಂತಿದ್ದ. "ನಾಗಣ್ಣ, ಸಾಕು ಬಿಡು. ಇನ್ನ ನನಗ ಸುಟ್ಟ ಮೋಟರ್ ಬರಂಗಿಲ್ಲ. ನನ್ನ ಹೊಟ್ಟಿ ಮ್ಯಾಲ ಹೊಡ್ದು ಬಂದಾರ ಅವ್ವಾರು."

"ನಾಳಿ ಮುಂಜಾನೆ ಮಾಗಳಕ್ಕ ಹೋಗ್ತೀನಿ" ಅಂದ ನಾಗರಾಜ. ಅವನ ದನಿ ನನಗೆ ಗುರುತಿನ ಹಳೆಯ ದನಿಯಾಗಿತ್ತು.

ಮನೆಯಲ್ಲಿ ಗಂಗಮ್ಮ ಎಲ್ಲರ ತಾಟೂ ಹಾಕಿದ್ದಳು, ನಾಗರಾಜನದೂ. ಇಷ್ಟು ತಿಂಗಳೂ ದಿನಾ ಹಾಕುತ್ತಿದ್ದಳು, ದಿನಾ ಎತ್ತಿ ಬುತ್ತಿ ಕಟ್ಟುತ್ತಿದ್ದಳು. ಆ ಸಂಜೆ ಅವನು ಅಂಗಡಿಗೆ ಬೀಗ ಹಾಕಿ ಬಂದ. ಕಾಲು ತೊಳೆದ. ಕೈಯಲ್ಲಿ ಬೆಳ್ಳಿ ಚೀಲಗಳಿದ್ದವು. ಸೀದಾ ನನ್ನ ಮುಂದೆ ಬಂದು ನಿಂತ.

"ಯವ್ವಾ, ಇವನ್ನ ನೀನ ಇಡು."

"ಬ್ಯಾಡಪ್ಪಾ. ನನ್ನ ಕೈಗೆ ಕೊಡಬ್ಯಾಡ."

"ಹೆಂಗ ಇಡ್ಬೇಕಂತ ಅವತ್ತು ನಾ ಹೇಳಿದ್ದಿಲ್ಲ. ಈಗ ಮನ್ಯಾಗ ನನಗಿಂತ ನಿನಗ ಹೆಚ್ಚು ಗೊತ್ತೈತಿ. ಇಡು."

ನಮ್ಮ ಯಜಮಾನರು ತಾಟಿನ ಮುಂದೆ ಕೂತಲ್ಲಿಂದಲೇ ಅಂದರು: "ಇಡ್ಲಿ. ಆದ್ರ ಒಲಿ ಕಡಿಗಿ ಮಾತ್ರ ಹೋಗಾಕ ಬಿಡಬ್ಯಾಡ್ರಿ."

ಪೂರ್ಣಿ ನಕ್ಕು ನೀರು ನೆತ್ತಿಗೇರಿಸಿಕೊಂಡಳು. ನಾನು ಚೀಲಗಳ ಬಾಯಿ ಗಟ್ಟಿಯಾಗಿದೆಯೇ ಎಂದು ಒಂದೊಂದನ್ನೂ ಒತ್ತಿ ನೋಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಬೀರುವಿನಲ್ಲಿ ನನ್ನ ಮದುವೆಯ ಸೀರೆಯ ಪಕ್ಕ ಇಟ್ಟೆ. ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೂತೆ.

ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಬಿಸಿ ರೊಟ್ಟಿ. ಗಂಗಮ್ಮನನ್ನೂ ನಿಂತು ಬಡಿಸಲು ಬಿಡಲಿಲ್ಲ, ಒಲೆಯ ಪಕ್ಕದಲ್ಲೇ ತಾಟು ಹಾಕಿಸಿ ಕೂರಿಸಿದೆವು. ಯಜಮಾನರು ಸಿಂಗಾಪುರದಲ್ಲಿ ರೊಟ್ಟಿ ಸಿಗುತ್ತದೆಯೋ ಎಂದು ಕೇಳಿದರು. ನಾವು ಕೊಟ್ಟರೆ ಸಿಗುತ್ತದೆ ಅಂದೆ. ನಾಗರಾಜ ಎರಡು ರೊಟ್ಟಿ ಮುಗಿಸಿದ, ತಾಟು ನನ್ನ ಕಡೆ ಸರಿಸಿದ. ನಾನು ಮೂರನೆಯದನ್ನು ಹಾಕಿ ಮೇಲೆ ಬೆಣ್ಣೆ ಇಟ್ಟೆ.